ಎಲ್ಲರ ಮುಂದೆ ಪ್ರಾರ್ಥನೆ ಬರುತ್ತದೆ, ಒಬ್ಬನೇ ಕೂತರೆ ಬರುವುದಿಲ್ಲ. ಯಾರಿಗಾದರೂ ಹೀಗಾಗಿದೆಯಾ?

ಬೆಟಗೇರಿ ಹುಡುಗ

ಎಲ್ಲರಿಗೂ ನಮಸ್ಕಾರ. ಕೇಳೋಕೆ ಸ್ವಲ್ಪ ನಾಚಿಕೆ ಆಗುತ್ತಿದೆ, ಆದರೂ ಕೇಳುತ್ತೇನೆ.

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕ್ರಿಶ್ಚಿಯನ್. ಊರು ಬೆಟಗೇರಿ, ಈಗ ಕೆಲಸಕ್ಕೆ ಅಂತ ಬೆಂಗಳೂರಿನಲ್ಲಿದ್ದೇನೆ. ಸಂಡೇ ಸ್ಕೂಲಿನಿಂದಲೂ ನನಗೆ ಪ್ರಾರ್ಥನೆ ಮಾಡೋಕೆ ಚೆನ್ನಾಗಿ ಬರುತ್ತದೆ ಅಂತ ಹೆಸರು. ಇಲ್ಲಿ ಬುಧವಾರ ಯಾರದಾದರೂ ಮನೆಯಲ್ಲಿ ಕೂಟ ಇರುತ್ತದೆ, ಕೊನೆಗೆ "ತಮ್ಮಾ, ನೀನೇ ಮಾಡು" ಅನ್ನುತ್ತಾರೆ. "ಕೃಪಾಪೂರ್ಣನೂ ಸರ್ವಶಕ್ತನೂ ಆದ ಪರಲೋಕದ ತಂದೆಯೇ" ಅಂತ ಶುರು ಮಾಡಿದರೆ ಹತ್ತು ನಿಮಿಷ ನಿಲ್ಲುವುದಿಲ್ಲ. ಕಾಯಿಲೆಯವರು, ಪರೀಕ್ಷೆ ಬರೆಯುವವರು, ದೇಶ ಆಳುವವರು ಎಲ್ಲರೂ ಬಂದುಹೋಗುತ್ತಾರೆ. ಮುಗಿದ ಮೇಲೆ ಆಂಟಿಯರು ಕಣ್ಣೊರೆಸಿಕೊಂಡು ಟೀ ಕೊಡುತ್ತಾರೆ.

ಒಬ್ಬನೇ ಕೂತರೆ ಏನೂ ಇಲ್ಲ. ಎರಡು ನಿಮಿಷಕ್ಕೆ ಮನಸ್ಸು ಆಫೀಸಿಗೆ ಹೋಗಿರುತ್ತದೆ. ಅದಕ್ಕಿಂತ ಕೆಟ್ಟದ್ದು ಹೇಳುತ್ತೇನೆ ಕೇಳಿ. ಹೋದ ವಾರ ಒಬ್ಬನೇ ಇದ್ದಾಗ ಒಂದು ಒಳ್ಳೆ ಸಾಲು ಬಂತು, ತಕ್ಷಣ ತಲೆಗೆ ಬಂದಿದ್ದು "ಇದನ್ನು ಬುಧವಾರ ಹೇಳಬೇಕು" ಅಂತ! ದೇವರ ಎದುರಿಗೆ ಕೂತು ರಿಹರ್ಸಲ್ ಮಾಡುತ್ತಿದ್ದೇನೆ ಅಂತ ಗೊತ್ತಾಗಿ ಎದ್ದುಬಿಟ್ಟೆ.

ದೀನತೆಯೂ ಹಾಗೇ. "ನಾನು ಧೂಳು, ನಾನು ಹುಳು" ಅನ್ನುತ್ತೇನೆ, ಆಮೇಲೆ ಯಾರು ಜೋರಾಗಿ ಆಮೆನ್ ಅಂದರು ಅಂತ ಕಿವಿ ಆ ಕಡೆ ಹೋಗುತ್ತದೆ.

ಇನ್ನೊಂದು ಸಣ್ಣ ತೊಂದರೆ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಅಂತ ಯೇಸು ಹೇಳಿದ್ದಾರೆ. ನಾನಿರುವುದು ಪಿಜಿಯಲ್ಲಿ, ಒಂದು ರೂಮಿಗೆ ಮೂರು ಜನ. ಒಬ್ಬ ಹಗಲೆಲ್ಲ ಮಲಗಿರುತ್ತಾನೆ, ಇನ್ನೊಬ್ಬ ರಾತ್ರಿಯೆಲ್ಲ ಗೇಮ್ ಆಡುತ್ತಾನೆ. ಎಲ್ಲಿಯ ಬಾಗಿಲು ಮುಚ್ಚಲಿ?

ನಿವೃತ್ತ ಅಯ್ಯನವರು

ತಮ್ಮಾ, ನಿನ್ನ ಪ್ರಶ್ನೆ ಓದಿ ನನ್ನದೇ ಕಥೆ ಯಾರೋ ಬರೆದಹಾಗಾಯ್ತು.

ಕೋಣೆಯ ವಿಷಯ ಮೊದಲು ಮುಗಿಸೋಣ. ಬೈಬಲಿನ ಮತ್ತಾಯ 6:6ರಲ್ಲಿ ಕೋಣೆ ಅನ್ನುವಲ್ಲಿ ಗ್ರೀಕ್ ಮೂಲದಲ್ಲಿರುವ ಪದ ತಮೆಯಾನ್. ಅಂದರೆ ಕಾಳುಕಡಿ, ಸಾಮಾನು ಇಡುವ ಒಳಕೋಣೆ. ನಮ್ಮ ಕಡೆ ಹೇಳುವುದಾದರೆ ಉಗ್ರಾಣ. ಲೂಕ 12:24ರಲ್ಲಿ ಕಾಗೆಗಳಿಗೆ ಉಗ್ರಾಣವೂ ಇಲ್ಲ ಕಣಜವೂ ಇಲ್ಲ ಅನ್ನುವಾಗ ಬರುವುದೂ ಇದೇ ಪದ. ಯೇಸು ಯಾರಿಗೂ ಪ್ರತ್ಯೇಕ ದೇವರಕೋಣೆ ಕಟ್ಟಿಸು ಅನ್ನಲಿಲ್ಲ. ಮನೆಯಲ್ಲಿ ಯಾರೂ ಕೂರದ, ಬಂದವರಿಗೆ ಯಾರೂ ತೋರಿಸದ ಜಾಗಕ್ಕೆ ಹೋಗು ಅಂದರು, ಅಷ್ಟೇ. ಅವರಿಗಾದರೂ ಕೋಣೆ ಎಲ್ಲಿತ್ತು? ಮಾರ್ಕ 1ನೇ ಅಧ್ಯಾಯ ನೋಡು. ಕಪೆರ್ನೌಮಿನಲ್ಲಿ ಹಿಂದಿನ ಸಂಜೆ ಇಡೀ ಊರು ಬಾಗಿಲ ಹತ್ತಿರ ಸೇರಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಜನ ಇಲ್ಲದ ಜಾಗಕ್ಕೆ ಹೋದರು. ಅಲ್ಲಿಗೂ ಶಿಷ್ಯ ಸೀಮೋನ ಹುಡುಕಿಕೊಂಡು ಬಂದ, ಎಲ್ಲರೂ ನಿನ್ನನ್ನೇ ಹುಡುಕುತ್ತಿದ್ದಾರೆ ಅಂತ. ಆದ್ದರಿಂದ ನಿನ್ನ ರೂಮ್‌ಮೇಟ್‌ಗಳ ಮೇಲೆ ಬೇಜಾರಾಗಬೇಡ.

ಈಗ ನನ್ನ ಕಥೆ. ವರ್ಷಗಟ್ಟಲೆ ಪೀಠದ ಮೇಲೆ ನಿಂತು ಪ್ರಾರ್ಥಿಸಿದವನು ನಾನು. ಮದುವೆಗೆ ಒಂದು, ಮಣ್ಣಿಗೆ ಒಂದು, ಹೊಸ ಬೋರ್‌ವೆಲ್‌ಗೂ ಒಂದು. ನಿವೃತ್ತಿಯಾದ ಮರುದಿನ ಬೆಳಿಗ್ಗೆ ಎದ್ದು ಕುರ್ಚಿಯಲ್ಲಿ ಕೂತೆ. ಬಾಯಿ ತೆರೆದರೆ ಬಂದಿದ್ದು "ಇಲ್ಲಿ ಕೂಡಿಬಂದಿರುವ ನಿನ್ನ ಮಕ್ಕಳನ್ನು" ಅಂತ. ಕೂಡಿಬಂದಿದ್ದವರು ಯಾರು? ನಾನು ಮತ್ತು ಬೆಕ್ಕು. ನಗು ಬಂತು, ಆಮೇಲೆ ಅಳು ಬಂತು. ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಕೊನೆಗೆ ಹೊರಬಿದ್ದದ್ದು ಇಷ್ಟು: "ಮಂಡಿ ನೋಯುತ್ತಿದೆ, ತಂದೆಯೇ." ಅದಕ್ಕೆ ಮುಂಚೆ ಎಷ್ಟೋ ವರ್ಷದಿಂದ ನಾನು ದೇವರಿಗೆ ನನ್ನ ಮಂಡಿಯ ವಿಷಯ ಹೇಳಿರಲಿಲ್ಲ.

ಹುಳು ಅನ್ನುವ ಮಾತು ಬೈಬಲಿನಲ್ಲಿ ಇದೆ, 22ನೇ ಕೀರ್ತನೆಯಲ್ಲಿ. ಆದರೆ ಅದನ್ನು ಹೇಳಿದವನು ಸುತ್ತಲಿನವರ ಅಪಹಾಸ್ಯ ತಿಂದು, ಎಲುಬು ಕಳಚಿದಹಾಗಾಗಿ ಕೂಗುತ್ತಿದ್ದವನು. ಮೂರು ಹೊತ್ತು ಉಂಡು ನಾವು ಅದನ್ನು ಅಲಂಕಾರಕ್ಕೆ ಬಳಸುತ್ತೇವೆ. ಲೂಕ 18ರಲ್ಲಿ ಯೇಸು ಹೇಳಿದ ಕಥೆಯಲ್ಲಿ ದೇವಾಲಯಕ್ಕೆ ಪ್ರಾರ್ಥಿಸೋಕೆ ಬಂದ ಸುಂಕದವನನ್ನು ನೋಡು. ದೂರದಲ್ಲಿ ನಿಂತ, ತಲೆ ಎತ್ತಲಿಲ್ಲ, ಎದೆ ಬಡಿದುಕೊಂಡ. "ದೇವರೇ, ಪಾಪಿಯಾದ ನನ್ನನ್ನು ಕರುಣಿಸು." ಕನ್ನಡದಲ್ಲಿ ನಾಲ್ಕೇ ಪದ. ತನ್ನನ್ನು ಬೈದುಕೊಳ್ಳುವುದರಲ್ಲೂ ಅವನು ಟೈಮ್ ಕಳೆಯಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದ, ಮನೆಗೆ ಹೋದ. ಅಲ್ಲೇ ಇದ್ದ ಫರಿಸಾಯ, ಅಂದರೆ ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸುವವನು, ವಾರಕ್ಕೆ ಎರಡು ದಿನ ಉಪವಾಸ ಮಾಡುತ್ತಿದ್ದ, ನಾನು ಈ ಸುಂಕದವನಂತೆ ಅಲ್ಲ ಅಂತ ದೇವರಿಗೆ ಸ್ತೋತ್ರ ಹೇಳಿದ, ಅವನಿಗೆ ಅದು ಆಗಲಿಲ್ಲ. ಹಾಗಂತ "ದೇವರೇ, ನಾನು ಆ ಫರಿಸಾಯನಂತೆ ಅಲ್ಲ, ನಿನಗೆ ಸ್ತೋತ್ರ" ಅಂತ ನೀನು ಶುರು ಮಾಡಬೇಡ. ನಾನು ಮಾಡಿದ್ದೇನೆ.

ಒಂದು ವಾರ ಹೀಗೆ ಮಾಡಿ ನೋಡು. ಒಬ್ಬನೇ ಇರುವಾಗ ವಿಶೇಷಣ ಯಾವುದೂ ಬೇಡ. ಕೃಪಾಪೂರ್ಣ ಬೇಡ, ಸರ್ವಶಕ್ತ ಬೇಡ. "ತಂದೆಯೇ" ಅನ್ನು, ಆ ದಿನ ನಿಜವಾಗಿ ಆದದ್ದು ಒಂದೇ ಒಂದು ಹೇಳು, ನಿಲ್ಲಿಸು. ಮತ್ತೆ ಬುಧವಾರ "ತಮ್ಮಾ, ನೀನೇ ಮಾಡು" ಅಂದರೆ, "ಇವತ್ತು ಬೇರೆಯವರು ಮಾಡಲಿ" ಅನ್ನು. ಎರಡನೆಯದೇ ಜಾಸ್ತಿ ಕಷ್ಟ.

ಕರಾವಳಿ ಅಜ್ಜಿ

ಅಯ್ಯನವರು ಹೇಳಿದ್ದು ಸರಿ, ಆದರೆ ಒಂದು ಮಾತು ಸೇರಿಸುತ್ತೇನೆ. ಸ್ವಂತ ಮಾತೇ ಪ್ರಾರ್ಥನೆ, ಬಾಯಿಪಾಠ ಪ್ರಾರ್ಥನೆಯಲ್ಲ ಅಂತ ಈ ಹುಡುಗ ತಿಳಿದುಕೊಳ್ಳಬಾರದು.

ನಾವು ಮಂಗಳೂರಿನ ಕೊಂಕಣಿ ಕಥೋಲಿಕರು. ನಮ್ಮ ಮನೆಯಲ್ಲಿ ಸಂಜೆ ತೇರ್ಸ್, ಅಂದರೆ ಜಪಸರ. ಅಪ್ಪ ಮುಂದೆ, ನಾವೆಲ್ಲ ನೆಲದ ಮೇಲೆ ಮೊಣಕಾಲೂರಿ, ಅಡುಗೆಮನೆಯಿಂದ ಮೀನುಸಾರಿನ ವಾಸನೆ. ತೇರ್ಸ್ ಮುಗಿದ ಮೇಲೆ ಒಬ್ಬೊಬ್ಬರಾಗಿ ಹಿರಿಯರ ಮುಂದೆ ಹೋಗಿ ಬೆಸಾಂವ್ ಕೇಳಬೇಕು, ಅವರು ಆಶೀರ್ವಾದ ಮಾಡಿದ ಮೇಲೇ ಊಟ. ಐವತ್ತು ನಮಾನ್ ಮರಿಯೆ, ಅಂದರೆ ಮರಿಯಮ್ಮನಿಗೆ ವಂದನೆಯ ಜಪ, ಹೇಳುವಾಗ ನಾನು ಎಷ್ಟು ಸಲ ತೂಕಡಿಸಿ ಅಣ್ಣನ ಬೆನ್ನಿಗೆ ತಲೆ ಬಡಿದಿದ್ದೇನೋ ಲೆಕ್ಕ ಇಲ್ಲ. ಆಗ ಅದು ಪ್ರಾರ್ಥನೆ ಅಂತ ಅನಿಸುತ್ತಲೇ ಇರಲಿಲ್ಲ, ಊಟಕ್ಕೆ ಮುಂಚಿನ ಒಂದು ಶಿಕ್ಷೆ.

ನಮ್ಮ ಯಜಮಾನರು ಹೋದ ಮೇಲೆ ನನಗೆ ಮಾತೇ ನಿಂತುಹೋಯಿತು. ದೇವರ ಹತ್ತಿರವೂ. ಸ್ವಂತ ಮಾತು ಅಂತ ಒಂದೂ ಬರಲಿಲ್ಲ. ಬಸ್ಸು ಹತ್ತಿ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗಿ ಹಿಂದಿನ ಬೆಂಚಲ್ಲಿ ಕೂರುತ್ತಿದ್ದೆ. ಕೈಯಲ್ಲಿ ಅಮ್ಮನ ಜಪಸರ. ಅದರಲ್ಲಿ ಒಂದು ಮಣಿ ಯಾವಾಗಲೋ ಬಿದ್ದುಹೋಗಿದೆ, ಆ ಜಾಗದಲ್ಲಿ ಅಮ್ಮ ಕಪ್ಪು ದಾರದ ಗಂಟು ಹಾಕಿದ್ದಳು. ಬಾಯಿ ಸುಮ್ಮನಿರುತ್ತಿತ್ತು, ಬೆರಳು ಮಣಿ ಎಣಿಸುತ್ತಿತ್ತು, ಗಂಟು ಬಂದಾಗ ಬೆರಳು ಅಲ್ಲೇ ನಿಲ್ಲುತ್ತಿತ್ತು. ಕರೆಂಟು ಹೋದಾಗ ಗೋಡೆ ಹಿಡಿದುಕೊಂಡು ಹೋಗುತ್ತೇವಲ್ಲ, ಹಾಗೆ. ಚಿಕ್ಕಂದಿನಲ್ಲಿ ಶಿಕ್ಷೆ ಅಂದುಕೊಂಡದ್ದೇ ಆಗ ಗೋಡೆಯಾಯ್ತು.

ಮನಸ್ಸು ಓಡುತ್ತದೆ ಅಂತ ಬರೆದಿದ್ದೀರಿ. ಪ್ರಾರ್ಥನೆಯ ಗುರು ಅಂತ ಎಲ್ಲರೂ ಒಪ್ಪುವ ಆವಿಲಾದ ಸಂತ ತೆರೇಸಾ (1515–1582) ಕೆಲವು ವರ್ಷ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಅಂತ ಗಡಿಯಾರದ ಸದ್ದಿಗೇ ಕಿವಿ ಕೊಟ್ಟಿರುತ್ತಿದ್ದೆ ಅಂತ ತಾನೇ ಬರೆದುಕೊಂಡಿದ್ದಾಳೆ. 1897ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡ ಲಿಸಿಯುವಿನ ಪುಟ್ಟ ತೆರೇಸಾ ಪ್ರಾರ್ಥನೆಗೆ ಕೂತು ನಿದ್ದೆ ಹೋಗುತ್ತಿದ್ದಳಂತೆ. ಮಕ್ಕಳು ಎಚ್ಚರ ಇದ್ದರೂ ಮಲಗಿದ್ದರೂ ಅಪ್ಪ ಅಮ್ಮನಿಗೆ ಒಂದೇ ಅಲ್ಲವಾ ಅನ್ನುವುದು ಅವಳ ಸಮಾಧಾನ. ಇಬ್ಬರೂ ಕಾರ್ಮೆಲ್ ಮಠದ ಸನ್ಯಾಸಿನಿಯರು, ಪ್ರಾರ್ಥನೆಯೇ ಅವರ ಕೆಲಸ. ಅವರ ಕಥೆಯೇ ಹೀಗಿದ್ದರೆ ಆಫೀಸಿನ ಚಿಂತೆ ಬರುವ ನಿಮ್ಮದು ಏನು ಮಹಾ!

ಗ್ಲಾಸ್ ಏರಿಸಿದ ಕ್ಯಾಬ್

ಎಲ್ಲರೂ ಮೌನ, ನಾಲ್ಕು ಪದ ಅಂತಿದ್ದೀರಿ. ನಾನು ಪೆಂತೆಕೋಸ್ತ್ ಸಭೆಯವನು. ನಮ್ಮಲ್ಲಿ ಜೋರಾಗಿಯೇ ಮಾಡುವುದು, ಅದರಲ್ಲಿ ತಪ್ಪೇನು? ಯೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗಿದ. ಸುಮ್ಮನಿರು ಅಂತ ಜನ ಗದರಿಸಿದರು, ಇನ್ನೂ ಜೋರಾಗಿ ಕೂಗಿದ. ಯೇಸು ನಿಂತರು. ಯೇಸುವೇ ಗಟ್ಟಿಯಾಗಿ ಕೂಗಿ ಕಣ್ಣೀರು ಹಾಕಿ ಪ್ರಾರ್ಥಿಸಿದರು ಅಂತ ಇಬ್ರಿಯ 5:7ರಲ್ಲಿದೆ. ಜೋರು ಅಂದ ತಕ್ಷಣ ಡಂಬಾಚಾರ ಅಲ್ಲ. ಮೆಲ್ಲಗೆ ಮಾಡುವವರಲ್ಲೂ "ನಾನು ಎಷ್ಟು ಮೆಲ್ಲಗೆ ಮಾಡುತ್ತೇನೆ ನೋಡಿ" ಅನ್ನುವವರು ಇದ್ದಾರೆ, ನಾನು ನೋಡಿದ್ದೇನೆ.

ಆದರೆ ತಮ್ಮನ ತೊಂದರೆ ನನಗೂ ಇತ್ತು. ಸಭೆಯಲ್ಲಿ ಪಕ್ಕದವನ ಧ್ವನಿ ಏರಿದರೆ ನನ್ನದೂ ಏರುತ್ತದೆ. ಅದು ಆತ್ಮನ ಪ್ರೇರಣೆಯೋ ಪೈಪೋಟಿಯೋ ದೇವರಿಗೇ ಗೊತ್ತು.

ನನಗೆ ಸಹಾಯ ಆಗಿದ್ದು ಗಾಡಿ. ಕ್ಯಾಬ್ ಓಡಿಸುತ್ತೇನೆ. ಏರ್‌ಪೋರ್ಟಿಗೆ ಬಿಟ್ಟು ಖಾಲಿ ಬರುವಾಗ ಗ್ಲಾಸ್ ಏರಿಸಿ, ಮೊಬೈಲ್ ಬದಿಗಿಟ್ಟು, ಬಾಯಿಬಿಟ್ಟು ಮಾತಾಡುತ್ತೇನೆ. ಸಿಗ್ನಲ್‌ನಲ್ಲಿ ನೋಡಿದವರು ಬ್ಲೂಟೂತ್ ಅಂದುಕೊಳ್ಳುತ್ತಾರೆ. ಇಎಂಐ ವಿಷಯ, ಮಗಳ ಫೀಸು, ಬೆಳಿಗ್ಗೆ ಹೆಂಡತಿ ಮೇಲೆ ಕೂಗಾಡಿದ್ದು, ಎಲ್ಲ ಹೇಳುತ್ತೇನೆ. ಒಮ್ಮೊಮ್ಮೆ ಬೈಯುತ್ತೇನೆ ಕೂಡ. "ಎಷ್ಟರ ವರೆಗೆ" ಅಂತ ದಾವೀದನೇ 13ನೇ ಕೀರ್ತನೆಯಲ್ಲಿ ಕೇಳಿಲ್ಲವಾ? ಯಾರೂ ಆಮೆನ್ ಅನ್ನುವವರಿಲ್ಲ. ಹಿಂದಿನ ಸೀಟು ಖಾಲಿ. ಅದಕ್ಕೇ ಸುಳ್ಳು ಹೇಳೋಕೆ ಆಗಲ್ಲ.

ಸುಮ್ನೆ ಓದುವವನು

ನಾನು ಕ್ರಿಶ್ಚಿಯನ್ ಅಲ್ಲ, ಲಿಂಗಾಯತರ ಮನೆಯವನು. ಚರ್ಚೆ ಚೆನ್ನಾಗಿದೆ ಅಂತ ಓದುತ್ತಿದ್ದೆ. ಒಂದು ಅನುಮಾನ, ತಪ್ಪು ತಿಳಿಯಬೇಡಿ. ಒಬ್ಬನೇ ಕೂತು ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಕೊಳ್ಳುವುದು ಡೈರಿ ಬರೆದಹಾಗೇ ಅಲ್ವಾ? ಎರಡಕ್ಕೂ ಏನು ವ್ಯತ್ಯಾಸ?

ನಿವೃತ್ತ ಅಯ್ಯನವರು

ಒಳ್ಳೆಯ ಪ್ರಶ್ನೆ. ನಾನು ಡೈರಿಯನ್ನೂ ಬರೆಯುತ್ತೇನೆ, ಅದಕ್ಕೇ ಹೇಳುತ್ತೇನೆ. ಡೈರಿಯಲ್ಲಿ ನನ್ನ ಕೇಸಿಗೆ ನಾನೇ ವಕೀಲ, ನಾನೇ ಜಡ್ಜ್. ಯಾರೊಂದಿಗಾದರೂ ಜಗಳವಾಗಿದ್ದರೆ ನನ್ನ ಕಡೆಯ ಕಥೆಯನ್ನು ಚಂದ ಮಾಡಿ ಬರೆದಿಟ್ಟು ಮಲಗಬಹುದು. ಪ್ರಾರ್ಥನೆಯಲ್ಲಿ ಎದುರಿಗೆ ಕೇಳುತ್ತಿರುವವನಿಗೆ ಆ ಇನ್ನೊಬ್ಬನ ಕಡೆಯ ಕಥೆಯೂ ಗೊತ್ತು, ಅವನೂ ಅದೇ ತಂದೆಯ ಮಗ. ನನ್ನ ವಾದ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ನಂಬದವರಿಗೆ ಸಾಬೀತು ಮಾಡಿ ತೋರಿಸೋಕೆ ನನ್ನಿಂದ ಆಗುವುದಿಲ್ಲ, ನನಗೆ ಆದದ್ದು ಹೇಳಿದೆ.

ಇನ್ನೊಂದು ನೋಡಿ. ಬಾಗಿಲು ಮುಚ್ಚಿಕೋ ಅಂದ ಮೂರೇ ವಚನದ ಆಚೆ ಯೇಸು ಕಲಿಸಿದ ಪ್ರಾರ್ಥನೆ ಶುರುವಾಗುತ್ತದೆ. ಬಾಗಿಲು ಮುಚ್ಚಿ ಒಬ್ಬನೇ ಕೂತವನೂ "ನಮ್ಮ ತಂದೆಯೇ" ಅನ್ನಬೇಕು, "ನನ್ನ" ಅಂತಲ್ಲ. ಊಟ ಕೇಳುವಾಗಲೂ ನಮ್ಮ ಆಹಾರ, ತಪ್ಪು ಒಪ್ಪುವಾಗಲೂ ನಮ್ಮ ತಪ್ಪು. ಹೊರಗೆ ಬಿಟ್ಟುಬಂದೆ ಅಂದುಕೊಂಡವರೆಲ್ಲ ಆ ಒಂದು ಪದದ ಜೊತೆ ಒಳಗೆ ಬಂದುಬಿಡುತ್ತಾರೆ.

ನೈಟ್ ಡ್ಯೂಟಿ, ಮಸ್ಕತ್

ಉಗ್ರಾಣ ಅನ್ನುವುದನ್ನು ಓದಿ ನಾನು ಒಬ್ಬಳೇ ನಕ್ಕುಬಿಟ್ಟೆ. ನಾನು ನರ್ಸ್, ಶಿವಮೊಗ್ಗದ ಕಡೆಯವಳು, ಇಲ್ಲಿ ಐಸಿಯುನಲ್ಲಿ ಕೆಲಸ. ನನ್ನ ಪ್ರಾರ್ಥನೆಯ ಜಾಗ ವಾರ್ಡಿನ ಲಿನನ್ ರೂಮು! ಒಗೆದ ಬೆಡ್‌ಶೀಟ್ ಇಡುವ ಕೋಣೆ. ಎರಡು ಹೆಜ್ಜೆ ಅಗಲ ಇದೆ, ಮೂರು ಕಡೆ ಕಪಾಟು, ಬಿಸಿ ಬಟ್ಟೆಯ ವಾಸನೆ. ಬಾಗಿಲು ಹಾಕಿಕೊಂಡರೆ ಮಾನಿಟರ್‌ಗಳ ಬೀಪ್ ಸ್ವಲ್ಪ ದೂರ ಆಗುತ್ತದೆ. ಅಲ್ಲಿ ನಿಲ್ಲೋಕೆ ಸಿಗುವುದು ಒಂದು ನಿಮಿಷ, ಅದೂ ಶೀಟ್ ತರೋಕೆ ಹೋದಾಗ. ಶೀಟಿನ ರಾಶಿಗೆ ಹಣೆ ಆನಿಸಿ "ಬೆಡ್ ನಾಲ್ಕು, ಕರ್ತನೇ" ಅನ್ನುತ್ತೇನೆ. ಹೆಸರು ಕೂಡ ಹೇಳಲ್ಲ, ಅವರಿಗೆ ಗೊತ್ತಲ್ಲ.

ಇಷ್ಟು ಸಾಕಾ ಅಂತ ನನಗೂ ಅನುಮಾನ ಇತ್ತು. ಆಮೇಲೆ ನೆಹೆಮೀಯ 2:4 ಕಣ್ಣಿಗೆ ಬಿತ್ತು. ಪರ್ಷಿಯಾದ ಅರಸನ ಹತ್ತಿರ ಕೆಲಸಕ್ಕಿದ್ದ ನೆಹೆಮೀಯನನ್ನು ನಿನಗೇನು ಬೇಕು ಅಂತ ಅರಸ ಕೇಳುತ್ತಾನೆ. ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ನೆಹೆಮೀಯ ದೇವರಿಗೆ ಪ್ರಾರ್ಥನೆ ಮಾಡುತ್ತಾನೆ. ಎಷ್ಟು ಸೆಕೆಂಡ್ ಇದ್ದಿರಬಹುದು! ಏನು ಹೇಳಿದ ಅಂತಲೂ ಬರೆದಿಲ್ಲ. ಅವನು ಮೊದಲನೇ ಅಧ್ಯಾಯದಲ್ಲಿ ದಿನಗಟ್ಟಲೆ ಅತ್ತು ಉಪವಾಸ ಮಾಡಿದ್ದ, ಅದನ್ನೂ ಮರೆಯಬಾರದು. ರಜೆಯ ದಿನ ನಾನೂ ಉದ್ದ ಕೂರುತ್ತೇನೆ. ಉದ್ದ ಕೂತ ವಾರ ಲಿನನ್ ರೂಮಿನ ಒಂದು ನಿಮಿಷಕ್ಕೆ ಅರ್ಥ ಇರುತ್ತದೆ, ಇಲ್ಲದಿದ್ದರೆ ಅದು ಬರೀ ಅಭ್ಯಾಸ.

ಹೊಸ ಹೊಸ ಮಾತು ಬೇಕೇ ಬೇಕು ಅಂತ ಏನಿಲ್ಲ, ತಮ್ಮಾ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ಪ್ರಾರ್ಥಿಸೋಕೆ ಯೇಸು ಮೂರನೇ ಸಲ ಹೋದಾಗಲೂ ಅದೇ ಮಾತನ್ನೇ ಹೇಳಿದರು ಅಂತ ಮತ್ತಾಯ ಬರೆದಿದ್ದಾನೆ.

ಬೆಟಗೇರಿ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಸುಮ್ಮನೆ ತಲೆಯಾಡಿಸಿ ಹೋಗಬಾರದು ಅಂತ.

ಜಾಗ ಸಿಕ್ಕಿತು. ಪಿಜಿಯ ತಾರಸಿ, ನೀರಿನ ಟ್ಯಾಂಕಿನ ಹಿಂದೆ. ಯಾರದೋ ಒಣಗಿದ ತುಳಸಿ ಕುಂಡ, ಮುರಿದ ಎರಡು ಕುರ್ಚಿ. ಉಗ್ರಾಣವೇ. ಬಾಗಿಲಿಲ್ಲ, ಆದರೆ ಯಾರೂ ಬರುವುದಿಲ್ಲ.

ಬುಧವಾರ "ಇವತ್ತು ಬೇರೆಯವರು ಮಾಡಲಿ" ಅಂದೆ. ಅಯ್ಯನವರೇ, ನಿಮ್ಮ ಮಾತು ನಿಜ. ಒಬ್ಬರು ಅಜ್ಜ ಮಾಡಿದರು, ನಡುವೆ ಎರಡು ಸಲ ಮಾತು ಸಿಗದೆ ನಿಂತರು. ನನಗೆ ಒಳಗೊಳಗೆ "ನಾನಾಗಿದ್ದರೆ" ಅಂತ ಬಂದೇ ಬಂತು. ಆ ರಾತ್ರಿ ತಾರಸಿಯಲ್ಲಿ ಹೇಳಿದ್ದು ಅದೊಂದೇ.

ವಿಶೇಷಣ ಬಿಟ್ಟ ಮೇಲೆ ಮೊದಲ ಮೂರು ದಿನ ಹೇಳೋಕೆ ಏನೂ ಇರಲಿಲ್ಲ. ನಾಲ್ಕನೇ ದಿನ ಅಣ್ಣನ ಹೆಸರು ಬಂತು. ಮನೆ ಪಾಲಿನ ವಿಷಯಕ್ಕೆ ಅವನಿಗೂ ನನಗೂ ಮಾತಿಲ್ಲದೆ ಎರಡು ವರ್ಷ. ಬುಧವಾರದ ಕೂಟದಲ್ಲಿ ಇಡೀ ದೇಶಕ್ಕೆ ಪ್ರಾರ್ಥಿಸಿದ್ದೇನೆ, ಇವನ ಹೆಸರು ಒಂದು ದಿನ ತೆಗೆದಿಲ್ಲ. ನನ್ನ ಕಡೆಯ ಕಥೆ ಶುರು ಮಾಡಿದೆ, ಯಾವ ಗೋಡೆ ಯಾರದು, ಅಪ್ಪ ಏನಂದಿದ್ದರು, ಎಲ್ಲ. ಅರ್ಧಕ್ಕೆ ನಿಂತಿತು. ಆ ಡೈರಿ ಮಾತು ನೆನಪಾಯಿತು, ಸಿಟ್ಟೂ ಬಂತು. ದೇವರ ಹತ್ತಿರ ಹೋಗಬೇಕು ಅಂದರೆ ದಾರಿಯಲ್ಲಿ ಇವನೇ ನಿಂತಿರಬೇಕಾ ಅಂತ.

ನಿನ್ನೆ ಅಣ್ಣನಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ. "ಊಟ ಆಯ್ತಾ?" ಅಂತ ಒಂದು ಮೆಸೇಜ್ ಹಾಕಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ತಾರಸಿಗೆ ಹೋಗಿ "ತಂದೆಯೇ, ಅವನು ಓದಿದ" ಅಂದೆ. ಆಮೇಲೆ ಮಾತು ಬರಲಿಲ್ಲ, ಎದ್ದು ಹೋಗಬೇಕು ಅಂತಲೂ ಅನಿಸಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ. ಟ್ಯಾಂಕ್ ತುಂಬಿ ನೀರು ಕಾಲ ಹತ್ತಿರ ಹರಿದು ಬಂದಾಗ ಮೋಟಾರ್ ಆಫ್ ಮಾಡೋಕೆ ಕೆಳಗೆ ಓಡಿದೆ.